ಕೂಗದ ಪಾತ್ರೆ

ಎಲ್ಲಕ್ಕೂ ಕಾರಣ ಚಿತ್ರದುರ್ಗದ ಅಂಗಡಿಯಲ್ಲಿ ಜುಂಜೇಶ ಕೊಂಡು ತಂದ ಡಚ್ ಅವನ್. ಹೆಸರು ದೊಡ್ಡದು, ಆಕಾರದಲ್ಲಿ ಬೀಡುಕಬ್ಬಿಣದ ಪುಟ್ಟ ಪಾತ್ರೆ. ಮುಚ್ಚಳ ಎತ್ತಲು ಎರಡು ಕೈ ಬೇಕು, ಒಳಗೆ ಹಿಡಿಯುವುದು ಮಾತ್ರ ಇಬ್ಬರ ಊಟ. "ಸಣ್ಣ ಉರೀಲಿ ಸೂಪ್ ಇಡ್ರಿ ಸಾರ್, ವಾಸನೆಗೇ ನೆಂಟ್ರು ಬರ್ತಾರೆ" ಎಂದಿದ್ದ ಅಂಗಡಿಯವನು. ಆ ಮಾತಿಗೇ ಜುಂಜೇಶ ಬಿದ್ದುಹೋದ.

ಹಿರಿಯೂರಿಂದ ಹೊಳಲ್ಕೆರೆಯ ಕಾಲೇಜಿಗೆ ಗುಮಾಸ್ತನಾಗಿ ಬಂದವನು. ನಲವತ್ತಾದರೂ ಮದುವೆಯಿಲ್ಲ. ವಠಾರದವರು ಸಿಕ್ಕಾಗಲೆಲ್ಲ "ಊಟ ಆಯ್ತಾ?" ಎನ್ನುತ್ತಿದ್ದರು, ಉತ್ತರ ಹೊರಡುವಷ್ಟರಲ್ಲಿ ಮೂಲೆ ತಿರುಗಿರುತ್ತಿದ್ದರು. ಒಂದೇ ಒಂದು ಹೊತ್ತು ಎದುರಿಗೆ ಯಾರಾದರೂ ಕೂತು ಉಂಡರೆ ಸಾಕು ಎಂಬುದು ಅವನ ಆಸೆ.

ಭಾನುವಾರ ಬೆಳಿಗ್ಗೆ ಅವರೆಕಾಳು, ಗಜ್ಜರಿ, ಬೆಳ್ಳುಳ್ಳಿ ಹಾಕಿ ಸೂಪಿಗಿಟ್ಟ. ಎರಡು ಬಟ್ಟಲು ತೊಳೆದಿಟ್ಟ. ಆದರೆ ಆ ಮುಚ್ಚಳ ಕೋಪಗೊಂಡ ಅತ್ತೆಯಂತೆ ಬಿಗಿದು ಕೂತು, ವಾಸನೆಯನ್ನು ಹೊಸ್ತಿಲು ದಾಟಲು ಬಿಡಲಿಲ್ಲ.

ಬಿಸಿಲೇರುವ ಹೊತ್ತಿಗೆ ಬಾಗಿಲು ದಬದಬ ಎಂದಿತು. ಎದುರುಮನೆಯ ಏಕನಾಥಮ್ಮ, ಕೈಯಲ್ಲಿ ಗಂಜಿ.

"ಏನಪ್ಪ, ಮೈಗೆ ಹುಷಾರಿಲ್ವಾ? ಬೆಳಗ್ಗಿಂದ ನಿನ್ ಕುಕ್ಕರ್ ಒಂದ್ಸಲಾನೂ ಕೂಗಿಲ್ಲ!"

ಅವನು ಬಾಯಿ ತೆರೆಯುವುದರೊಳಗೆ ಪಕ್ಕದ ಮನೆಯ ದುರುಗೇಶ ಸಿಲಿಂಡರ್ ಹೊತ್ತು ನುಗ್ಗಿದ. "ಗ್ಯಾಸ್ ಖಾಲಿ ಆಗೈತೆ ಅಂತ ಹೇಳ್ಬಾರ್ದೇನ್ರಿ?" ಹಿಂದೆಯೇ ಮನೆ ಮಾಲೀಕ ಸಣ್ಣಪ್ಪ, ಇನ್ನೊಂದು ಬೀಗದಕೈ ಹಿಡಿದು ಏದುಸಿರು ಬಿಡುತ್ತ ಬಂದರು. "ಬದುಕವ್ನಾ?"

ಜುಂಜೇಶನ ಕಣ್ಣು ತುಂಬಿತು. ತನ್ನ ಕುಕ್ಕರಿನ ಕೂಗಿಗೆ ದಿನಾ ಇಷ್ಟು ಜನ ಕಿವಿಗೊಟ್ಟಿದ್ದರೆಂದು ಅವನಿಗೆ ಗೊತ್ತೇ ಇರಲಿಲ್ಲ. ಸಂತೋಷಕ್ಕೆ ನಾಲಗೆ ನಿಲ್ಲಲಿಲ್ಲ.

"ಕುಂತ್ಕಳ್ರಿ, ಕುಂತ್ಕಳ್ರಿ! ಇದು ಕೂಗೋ ಪಾತ್ರೆ ಅಲ್ಲ. ಇನ್ಮೇಲೆ ನಮ್ಮನೇಲಿ ಕೂಗು ಕೇಳ್ಳಿಲ್ಲ ಅಂದ್ರೆ ಒಳಗೆ ಸೂಪು ಬೇಯ್ತಾ ಐತೆ ಅಂತ ತಿಳ್ಕಳ್ರಿ!"

ಸಣ್ಣಪ್ಪ ಮುಚ್ಚಳ ಮುಟ್ಟಿ ಬೆರಳು ಸುಟ್ಟುಕೊಂಡು ಕುಣಿದರು. ದುರುಗೇಶ ನಿಂತೇ ಒಂದು ಬಟ್ಟಲು ಕುಡಿದ. ಏಕನಾಥಮ್ಮ ನಿಂತೇ ಇನ್ನೊಂದು ಮುಗಿಸಿ, "ಖಾರ ಹಾಕೋದು ಮರ್ತಿದೀಯಲ್ಲಪ್ಪ" ಎಂದಳು. ಪಾತ್ರೆ ಖಾಲಿಯಾಯಿತು, ಕೂತವರು ಮಾತ್ರ ಯಾರೂ ಇಲ್ಲ. "ಸದ್ಯ, ಹುಷಾರಾಗಿದೀಯಲ್ಲ" ಎಂದು ಎಲ್ಲರೂ ಹೊರಟರು. ಸಿಲಿಂಡರ್ ದುರುಗೇಶನ ಹೆಗಲೇರಿತು, ಗಂಜಿಯೂ ಬಂದ ದಾರಿಯಲ್ಲೇ ವಾಪಸಾಯಿತು.

ಮನೆ ಬೆಳಗಿಗಿಂತ ದೊಡ್ಡದಾಗಿ, ಇನ್ನಷ್ಟು ಬಿಕೋ ಎಂದಿತು. ಬೆಳಗಿನ ಆ ಗದ್ದಲ ನೆನೆದು ನೆನೆದು ಸಂಜೆಗೆ ಒಂದು ಉಪಾಯ ಹೊಳೆಯಿತು. ಒಲೆ ಹಚ್ಚಿ ಕುಕ್ಕರ್ ಕೂಗಿಸುವುದೇ ಬೇಡ. ಯಾರು ಬಂದು ಕೇಳಿದರೂ ಸುಸ್ತು ಎಂದು ಮಲಗಿಬಿಡುವುದು, ಆಗ ಗಂಜಿ ಕುಡಿಸಲಾದರೂ ಕೂರಲೇಬೇಕಲ್ಲ! ಹಸಿದ ಹೊಟ್ಟೆಯಲ್ಲೇ ಬಟ್ಟಲುಗಳನ್ನು ಎದುರುಬದುರು ಇಟ್ಟು, ಬಾಗಿಲು ತೆರೆದು ಕಾದ.

ವಠಾರದ ಕುಕ್ಕರುಗಳೆಲ್ಲ ಒಂದೊಂದಾಗಿ ಕೂಗಿ ಸುಮ್ಮನಾದವು. ಕೊನೆಗೆ ಏಕನಾಥಮ್ಮ ಅವನ ಹೊಸ್ತಿಲ ಬಳಿ ಬಂದು ಕಿವಿಗೊಟ್ಟಳು. ಒಳಗೆ ಜುಂಜೇಶ ತಟಕ್ಕನೆ ಹಾಸಿಗೆಗೆ ಉರುಳಿದ.

"ಸಣ್ಣಪ್ಪೋ, ಕೂಗೇ ಇಲ್ಲ! ಹುಡುಗನ ಸೂಪು ಬೇಯ್ತಾ ಐತೆ, ಚಿಂತಿಲ್ಲ!" ಎಂದು ಕೂಗಿ ಹೇಳಿದಳು. ಮತ್ತೆ ಇತ್ತ ತಿರುಗಿ, "ಬಾಗ್ಲು ತೆಗ್ದಿದ್ರೆ ಬೆಕ್ಕು ನುಗ್ತೈತೆ ಕಣಪ್ಪ. ನಿಧಾನಕ್ಕೆ ಉಣ್ಣು" ಎಂದು ಹೊರಗಿನಿಂದಲೇ ಬಾಗಿಲು ಎಳೆದು ಹೋದಳು.

ಇನ್ನು ಕುಕ್ಕರ್ ಕೂಗಿದರೂ ಜುಂಜೇಶ ಉಂಡ ಹಾಗೆ, ಕೂಗದಿದ್ದರೂ ಉಂಡ ಹಾಗೆ.