ಕ್ಲಚ್ಚಿಗೆ ಬಿಗಿದ ನೇಕಾರಗಂಟು

ಇಚಲಕರಂಜಿಯಲ್ಲಿ ಎಂಟು ಮಗ್ಗ ಓಡಿಸುವವನಿಗೆ ಜಗತ್ತಿನ ಯಾವ ಯಂತ್ರವೂ ಹೊಸದಲ್ಲ ಎಂಬುದು ನನ್ನ ಸಿದ್ಧಾಂತವಾಗಿತ್ತು. ಮಗ್ಗಕ್ಕೂ ಕಾರಿಗೂ ವ್ಯತ್ಯಾಸವಾದರೂ ಏನು? ಅದು ನಿಂತಲ್ಲೇ ಓಡುತ್ತದೆ, ಇದು ಓಡುತ್ತ ಓಡುತ್ತ ನಿಲ್ಲುತ್ತದೆ. ಅಷ್ಟೇ!

ಆಗ ಹೊಸ ಕಾರಿಗೆ ಹೆಸರು ಹಚ್ಚಿದರೆ ಅದು ಮೊಮ್ಮಕ್ಕಳ ಕೂದಲು ತೆಗೆಸುವ ಜಾವಳದ ಹೊತ್ತಿಗೆ ಬರುತ್ತಿದ್ದ ಕಾಲ. ಕೊಲ್ಲಾಪುರದ ಒಬ್ಬ ಡಾಕ್ಟರು ಬೇಸತ್ತು ಮಾರಿ, ಕೊಂಡ ವಕೀಲರೂ ಬೇಸತ್ತು ಮಾರಿದ ಪುಟ್ಟ ಕಾರೊಂದು ನನ್ನ ಪಾಲಿಗೆ ಬಂದಿತ್ತು. ಅದರ ಮುಂದಿನ ಎಡಬಾಗಿಲು ಡಾಕ್ಟರ ಕಾಲದಿಂದಲೇ ತೆರೆಯುತ್ತಿರಲಿಲ್ಲ. ಉಳಿದ ಮೂರು ಮನಸ್ಸು ಬಂದರೆ ತೆರೆಯುತ್ತಿದ್ದವು.

ತಂಗಿಯ ಮಗಳು ಗಂಗಾಳ ಮದುವೆ ಗಡಹಿಂಗ್ಲಜದಲ್ಲಿ ಗೊತ್ತಾಯಿತು. ನಮ್ಮ ಮಂದಿಯಲ್ಲಿ ಮದುಮಗಳ ಕಾಲುಂಗುರವನ್ನು ಸೋದರಮಾವನೇ ತರಬೇಕು. ಅವಳ ಕೈಹಿಡಿದು ಹಂದರದೊಳಗೆ ಕರೆತರುವವನೂ ಅವನೇ. ಗಂಗಾಳಿಗೆ ಇರುವವನು ನಾನೊಬ್ಬನೇ ಮಾವ. ಎತ್ತಿ ಆಡಿಸಿದ ಕೂಸು. ಅಂಥವಳ ಮದುವೆಗೆ ಕಾರಿನಲ್ಲಿ ಹೋಗದೆ ಇನ್ಯಾರ ಮದುವೆಗೆ ಹೋಗಲಿ?

ಎರಡು ದಿನ ಮೊದಲು ಕ್ಲಚ್ ತುಳಿದಾಗಲೆಲ್ಲ ಕೆಳಗೆ ಟಕ್ ಟಕ್ ಎನ್ನತೊಡಗಿತು. ಗೋಣಿಚೀಲ ಹಾಸಿಕೊಂಡು ಕಾರಿನ ಕೆಳಗೆ ನುಸುಳಿದೆ. ಪೆಡಲಿನಿಂದ ಬರುವ ಸರಳು ಕೆಳಗಿನ ತೋಳನ್ನು ಕೂಡುವ ಜಾಗದಲ್ಲಿ ಬೆರಳುಗಾತ್ರದ ಒಂದು ಪಿನ್ನು. ಅದು ಜಾರದಂತೆ ಅದರ ತುದಿಯ ತೂತಿನಲ್ಲಿರಬೇಕಾದ ಸಣ್ಣ ಸ್ಪ್ಲಿಟ್ ಪಿನ್ನು ಮುರಿದುಹೋಗಿತ್ತು. ಹೊಸದು ಬೇಕೆಂದರೆ ಕೊಲ್ಲಾಪುರಕ್ಕೆ ಹೋಗಬೇಕು. ನಾನು ಹೋಗಲಿಲ್ಲ. ಮಗ್ಗದ ಹಾಸಿನ ನೂಲನ್ನು ನಾಲ್ಕೆಳೆ ಹೊಸೆದು, ಆ ತೂತಿನಲ್ಲಿ ಪೋಣಿಸಿ, ನೇಕಾರಗಂಟು ಬಿಗಿದೆ!

ಹೆಂಡತಿ ಶಾಂತವ್ವ ಬಗ್ಗಿ ನೋಡಿದಳು.

"ಕಬ್ಬಿಣ ಮಾಡೋ ಕೆಲಸಾ ನೂಲು ಮಾಡತೈತೇನ್ರಿ?"

"ನಮ್ಮಜ್ಜ ಕಲಿಸಿದ ಗಂಟ ಇದು. ಮೂರು ತಲಿಮಾರಿನಾಗ ಒಮ್ಮಿನೂ ಬಿಚ್ಚಿಲ್ಲ."

"ನಿಮ್ಮಜ್ಜಾರು ಎಂದರ ಕಾರ ಹತ್ತಿದ್ರೇನು?"

"ಅಜ್ಜನ ಸುದ್ದಿಗೆ ಬರಬ್ಯಾಡ."

"ಬರೂದಿಲ್ಲ. ಬಸ್ಸಿಗೆ ಹೋಗೂಣು ನಡೀರಿ."

ಬಸ್ಸಿಗೆ! ಯಂತ್ರಜ್ಞಾನವಿಲ್ಲದವರು ಹೀಗೇ ಮಾತಾಡುತ್ತಾರೆಂದು ಆಕೆಯನ್ನು ಕನಿಕರದಿಂದ ನೋಡಿದೆ.

ಮದುವೆಯ ದಿನ ಏಳಕ್ಕೆ ಹೊರಟೆವು. ಮುಹೂರ್ತದ ಅಕ್ಕಿಕಾಳು ಬೀಳುವುದು ಹನ್ನೆರಡೂವರೆಗೆ. ಹುಪರಿಯಲ್ಲಿ ಬೆಳ್ಳಿ ಕೆಲಸದವರ ಮನೆಗೆ ಹೋಗಿ, ಮಾಡಲು ಕೊಟ್ಟಿದ್ದ ಕಾಲುಂಗುರ ತೆಗೆದುಕೊಂಡು ಕೋಟಿನ ಒಳಜೇಬಿಗೆ ಇಳಿಸಿದೆ. ಹುಪರಿ ದಾಟಿ ಕಾಗಲದ ಹಾದಿಯ ಒಂದು ಏರಿನಲ್ಲಿ ಕ್ಲಚ್ ತುಳಿದೆ ನೋಡಿ, ಪೆಡಲು ಕೆಳಗೆ ಹೋಯಿತು. ಮತ್ತೆ ಮೇಲೆ ಬರಲಿಲ್ಲ. ಕೆಸರಿಗಿಳಿದ ಎಮ್ಮೆಯ ಹಾಗೆ ಅಲ್ಲೇ ಮಲಗಿಬಿಟ್ಟಿತು! ಗೇರು ಹಾಕಲು ಹೋದರೆ ಹಲ್ಲು ಕಡಿಯುವ ಸದ್ದು. ಕಾರು ನಿಂತಿತು.

"ಗೇರು ಕೆಟ್ಟೈತಿ" ಎಂದು ಘೋಷಿಸಿದೆ.

"ಗಂಟು ನೋಡ್ರಿ ಮೊದಲ."

ಅಜ್ಜನ ಗಂಟನ್ನು ಸಂಶಯಿಸುವುದೇ? ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಪರೀಕ್ಷಿಸುವುದೆಂದು ತೀರ್ಮಾನಿಸಿದೆ. ಗೇರಿನ ಕೋಲು ಕೂತಿದ್ದ ಮುಚ್ಚಳದ ಸ್ಕ್ರೂಗಳನ್ನು ಬಿಚ್ಚಿ ಒಳಗೆ ಇಣುಕಿದೆ. ಕತ್ತಲೆ ಇತ್ತು. ಎಲ್ಲ ತಿಳಿದವನಂತೆ ಆ ಕತ್ತಲೆಗೆ ತಲೆಯಾಡಿಸಿದೆ. ಒಂದಿಷ್ಟು ಎಣ್ಣೆ ಹೊಯ್ದು ಮುಚ್ಚಳ ಕೂರಿಸಿದೆ. ಎರಡು ಸ್ಕ್ರೂ ಉಳಿದವು! ಕಾರು ಮಾಡಿದವರು ಹೆಚ್ಚಿಗೆ ಹಾಕಿರಬೇಕೆಂದು ಅವರ ದುಂದುಗಾರಿಕೆಗೆ ನಗುತ್ತ ಜೇಬಿಗೆ ಹಾಕಿಕೊಂಡೆ.

ಅಷ್ಟರಲ್ಲಿ ಕುರಿ ಹೊಡೆದುಕೊಂಡು ಹೊರಟಿದ್ದ ಬೀರಪ್ಪ ಎಂಬವನು ನಿಂತ. ಕುಕ್ಕರುಗಾಲಲ್ಲಿ ಕೂತು ಕಾರಿನ ಕೆಳಗೆ ನೋಡಿದ.

"ಯಜಮಾನ್ರ, ಕೆಳಗ ಒಂದು ಸರಳ ಜೋತಾಡಾಕತ್ತೈತಿ ನೋಡ್ರಿ. ಕುರಿ ಬಾಲದಂಗ."

"ಕುರಿ ಕಾಯೋದು ಬಿಟ್ಟು ಇಂಜಿನೇರ ಯಾವಾಗ ಆದಿ?"

"ಇಂಜಿನೇರ ಅಲ್ರಿ. ಕಣ್ಣ ಅದಾವ, ಅಷ್ಟ."

ಆಗಲೇ ನಿಪ್ಪಾಣಿಯ ಬಸ್ಸು ಬಂತು. ಶಾಂತವ್ವ ಕೈ ತೋರಿಸಿದಳು. ಕಂಡಕ್ಟರ್ ಬಾಗಿಲಲ್ಲಿ ಜೋತುಬಿದ್ದು, "ಚಲಾ ಮಾವಶೀ, ಜಾಗಾ ಆಹೆ!" ಎಂದು ಮರಾಠಿಯಲ್ಲಿ ಜಾಗವಿದೆಯೆಂದು ಕೂಗಿದ.

"ಬರ್ರಿ, ಹೋಗೂಣು" ಎಂದಳು.

"ಸೋದರಮಾವ ಬಸ್ಸಿನಾಗ ಜೋತಾಡಕೋತ ಬರೋದೇನ? ಮರ್ಯಾದಿ ಐತ್ಯೋ ಇಲ್ಲೋ?"

"ಹಂಗಾರ ಕಾಲುಂಗುರಾನರ ಕೊಡ್ರಿ."

"ಕಾಲುಂಗುರ ತರಾಂವ ಮಾವ. ಅತ್ತಿ ಅಲ್ಲ!"

"ಆತು. ಹುಡುಗಿ ಹಂದರಕ್ಕ ಬರೂದು ನಿಮ್ಮ ಗಂಟಿನ ಮ್ಯಾಲ ನಿಂತೈತಿ ಅಂತ ಅಲ್ಲಿ ಹೇಳ್ತೇನಿ" ಎಂದು ಬಸ್ಸು ಹತ್ತಿದಳು.

ಬಸ್ಸು ಮರೆಯಾದ ಮೇಲೆ ಯಾರೂ ನೋಡುತ್ತಿಲ್ಲವೆಂದು ಕಾರಿನ ಕೆಳಗೆ ಬಗ್ಗಿದೆ. ಬೀರಪ್ಪ ನೋಡುತ್ತಿದ್ದ. ನಲವತ್ತು ಕುರಿಗಳೂ ನೋಡುತ್ತಿದ್ದವು. ಸರಳು ಒಂದು ಕಡೆ, ತೋಳು ಒಂದು ಕಡೆ! ನಡುವಿನ ಪಿನ್ನು ಯಾವ ಊರಲ್ಲಿ ಬಿದ್ದಿತ್ತೋ. ನನ್ನ ನೂಲಿನ ತುಣುಕು ಮಾತ್ರ ಸರಳಿನ ಜಿಡ್ಡಿಗೆ ಅಂಟಿಕೊಂಡಿತ್ತು. ನೂಲು ಸವೆದು ಹರಿದಿತ್ತು, ಗಂಟು ಬಿಚ್ಚಿರಲಿಲ್ಲ. ಅಜ್ಜನ ಮಾನ ಉಳಿಯಿತು. ನನ್ನದು ಹೋಯಿತು.

ಬೀರಪ್ಪ ಹೆಗಲ ಕಂಬಳಿಗೆ ಚುಚ್ಚಿದ್ದ ದಪ್ಪ ದಬ್ಬಣ ತೆಗೆದ. "ಇದನ್ನ ತೂರಿಸಿ ಬಗ್ಗಿಸ್ರಿ. ಮದವಿ ಮನಿ ಮುಟ್ಟೂಮಟಾ ಸಾಕು."

ಕಾರಿಗೆ ದಬ್ಬಣ! ಕಂಡವರು ನಕ್ಕಾರು! ನೂಲು ಕಟ್ಟಿದ ಮಹಾನುಭಾವ ನಾನು, ದಬ್ಬಣವನ್ನು ತಿರಸ್ಕರಿಸಿದೆ.

"ಕ್ಲಚ್ ಇಲ್ಲದ ನಡಸ್ತೇನಿ ನೋಡು" ಎಂದೆ.

"ಮೊದಲ ಕುರಿ ಬಾಜೂಕ ಹೊಡಕೋತೇನಿ, ತಡೀರಿ" ಎಂದ ಆ ಬುದ್ಧಿವಂತ.

ಎರಡನೇ ಗೇರಿನಲ್ಲಿಟ್ಟು ಸ್ಟಾರ್ಟರ್ ಒತ್ತಿದೆ. ಕಾರು ಟಗರಿನಂತೆ ಎಗರಿ ಓಡಿತು! ಇನ್ನು ನಿಲ್ಲಿಸುವಂತಿಲ್ಲ. ಗೇರು ಬದಲಿಸುವ ಧೈರ್ಯವೂ ಇಲ್ಲ. ಕಾಗಲ, ನಿಪ್ಪಾಣಿ, ಸಂಕೇಶ್ವರ ಎಲ್ಲವನ್ನೂ ಎರಡನೇ ಗೇರಿನಲ್ಲೇ ಅರಚುತ್ತ ದಾಟಿದೆ. ಸೈಕಲ್ಲಿನ ಹಾಲಿನವನೊಬ್ಬ ನನ್ನನ್ನು ಹಿಂದೆ ಹಾಕುವಾಗ ಮರುಕದಿಂದ ನೋಡಿದ. ಗಡಿಯ ತಪಾಸಣೆ ನಾಕಾದವನು ಸೀಟಿ ಊದಿ ಕೈ ಅಡ್ಡ ಹಿಡಿದ. ನಾನು ಎರಡೂ ಕೈಯೆತ್ತಿ ನಮಸ್ಕಾರ ಮಾಡಿ ಮುಂದೆ ಸಾಗಿದೆ.

ಹನ್ನೆರಡೂಕಾಲಿಗೆ ತಂಗಿಯ ಓಣಿ ಕಂಡಿತು. ಸಿದ್ಧಾಂತ ಗೆದ್ದಿತು ಎನ್ನುತ್ತ, ಓಣಿಯ ಅಗಲಕ್ಕೂ ಹಾಕಿದ್ದ ಹಂದರದ ಬಾಗಿಲ ಮುಂದೆ ಗತ್ತಿನಿಂದ ತಿರುಗಿಸಿದೆ. ನಿಲ್ಲಿಸಲೆಂದು ಗೇರಿನ ಕೋಲನ್ನು ಒಂದಿಷ್ಟು ಎಳೆದೆ. ಎರಡು ಸ್ಕ್ರೂ ಕಡಿಮೆಯಿದ್ದ ಮುಚ್ಚಳ ಎದ್ದು ಕೋಲು ಬುಡಸಮೇತ ಕೈಗೆ ಬಂತು! ಕಾರು ಒಮ್ಮೆ ಜಿಗಿದು, ಮೂತಿಯನ್ನು ನೆರೆಮನೆಯ ಕಟ್ಟೆಗೂ ಬೆನ್ನನ್ನು ಎದುರುಗೋಡೆಗೂ ಆನಿಸಿ, ಹಂದರದ ಬಾಗಿಲಿಗೆ ಅಡ್ಡಲಾಗಿ ನಿಂತುಬಿಟ್ಟಿತು. ಎಡಮಗ್ಗುಲು ಬೀದಿಗೆ, ಬಲಮಗ್ಗುಲು ಹಂದರಕ್ಕೆ. ನನ್ನ ಬಾಗಿಲಿಗೆ ಸರಿಯಾಗಿ ಹಂದರದ ಕಂಬ.

ಬೀದಿಯ ಕಡೆಯಿಂದ ವಾಜಂತ್ರಿ ಕೇಳಿಸಿತು. ಬೀಗರ ಮೆರವಣಿಗೆ! ಕುದುರೆಯ ಮೇಲೆ ಬಾಸಿಂಗ ಕಟ್ಟಿದ ವರ!

ತಂಗಿಯ ಗಂಡ ಮಲ್ಲಪ್ಪ ಓಡಿಬಂದ. "ಅಣ್ಣಾರ, ಗಾಡಿ ಸರಸ್ರಿ! ಬೀಗರು ಬಂದ್ರು!"

ನಾನು ಕಿಟಕಿಯಿಂದ ಗೇರಿನ ಕೋಲನ್ನು ಎತ್ತಿ ತೋರಿಸಿದೆ. ಮಲ್ಲಪ್ಪ ಹಣೆ ಬಡಿದುಕೊಂಡ.

ಹತ್ತು ಜನ ನೂಕಿದರು. ಕಾರು ಕದಲಲಿಲ್ಲ. ವರನ ತಂದೆ ಗಡಿಯಾರ ನೋಡಿ ಗುಡುಗಿದರು, "ಅಕ್ಕಿಕಾಳಿನ ಹೊತ್ತು ಮೀರಾಕತ್ತೈತಿ. ಕಾರಿನ ಹಿಂದಿನ ಬಾಗಿಲಾ ತಗೀರಿ!"

ವರ ಕುದುರೆಯಿಂದ ಇಳಿದ. ಬಾಸಿಂಗ ಹಿಡಿದು, ತಲೆ ಬಗ್ಗಿಸಿ, ನನ್ನ ಹಿಂದಿನ ಸೀಟಿಗೆ ಒಂದು ಬಾಗಿಲಿನಿಂದ ಹತ್ತಿ ಇನ್ನೊಂದರಿಂದ ಹಂದರಕ್ಕೆ ಇಳಿದ! ಅವನ ಹಿಂದೆ ಅವನ ತಂದೆ, ತಂದೆಯ ಹಿಂದೆ ಇಡೀ ಬೀಗರ ಬಳಗ. ಒಬ್ಬೊಬ್ಬರೂ ನನ್ನ ಬೆನ್ನ ಹಿಂದೆ ಸರಿಯುತ್ತ ಒಂದೊಂದು ಮಾತು ಬಿಟ್ಟುಹೋದರು.

"ಗೇರ ಹೋಗೈತೇನ್ರಿ?"

"ಪೆಟ್ರೋಲ ನೋಡೀರಿಲ್ಲೋ?"

"ನಮ್ಮೂರಾಗ ಇಂಥಾದ್ರಾಗ ಕೋಳಿ ಸಾಕ್ಯಾರ್ರಿ."

ಸನಾದಿಯವನು ಊದುತ್ತಲೇ ದಾಟಿದ. ಡೊಳ್ಳು ಮಾತ್ರ ಟಾಪಿನ ಮೇಲಿಂದ ಹೋಯಿತು. ನಾನು ಹೊರಬೀಳಬೇಕೆಂದರೆ ಇರುವುದು ಅದೇ ಹಿಂದಿನ ಬಾಗಿಲು. ಸಾಲು ತೀರಲೊಲ್ಲದು!

ಹಂದರದ ಕಡೆಯ ಕಿಟಕಿಗೆ ಶಾಂತವ್ವ ಬಂದಳು. ಬೈಯಲಿಲ್ಲ. ಕೈ ಚಾಚಿ, "ತರ್ರಿ" ಎಂದಳು. ಒಂದೇ ಮಾತು. ಕೋಟಿನ ಜೇಬಿನಿಂದ ಕಾಲುಂಗುರ ತೆಗೆದು ಆ ಕೈಯಲ್ಲಿಟ್ಟೆ.

ಗಂಗಾಳ ಕೈಹಿಡಿದು ಆಕೆಯೇ ಕರೆತಂದಳು. ಹುಡುಗಿ ನಡುವೆ ಒಮ್ಮೆ ನಿಂತು ಕಾರಿನ ಕಡೆ ನೋಡಿದಳು. ಕಂಬ ಅಡ್ಡವಾಗಿದ್ದರಿಂದ ನನಗೆ ಅರ್ಧ ಮುಖವಷ್ಟೇ ಕಂಡಿತು. ಯಾರೋ ನನ್ನ ಕೈಗೂ ಒಂದು ಮುಷ್ಟಿ ಅಕ್ಕಿಕಾಳು ತುರುಕಿದ್ದರು. ಕೂತಲ್ಲಿಂದಲೇ ಎಸೆದೆ. ಅರ್ಧವಷ್ಟೇ ಇಳಿಯುತ್ತಿದ್ದ ಕಿಟಕಿಯ ಗಾಜಿಗೆ ಬಡಿದು ಎಲ್ಲವೂ ನನ್ನ ತಲೆಯ ಮೇಲೇ ಬಿದ್ದವು.

ಕಡೆಗೆ ಸಾಲು ತೀರಿತು. ನಾನು ಹಿಂದಿನ ಸೀಟಿಗೆ ದಾಟಲು ಕಾಲೆತ್ತುವಷ್ಟರಲ್ಲಿ ಬೀಗರ ಕಡೆಯ ಮುದುಕಿಯೊಬ್ಬಳು ಏದುಸಿರು ಬಿಡುತ್ತ ಹತ್ತಿ, ಇಳಿಯದೆ ಅಲ್ಲೇ ಕೂತು ಸೆರಗಿನಿಂದ ಗಾಳಿ ಹಾಕಿಕೊಂಡಳು.

"ಡ್ರೈವರಾ, ಊಟಾ ಮಾಡಿಯೇನಪಾ?"

"ಇಲ್ರಿ, ಅಜ್ಜಿ."

"ಪಾಪ! ಈ ಮದವಿ ನೋಡಿದೇನು? ಹುಡುಗಿ ಸೋದರಮಾವ ಬರಲೇ ಇಲ್ಲಂತ. ಅತ್ತಿ ಕೈಹಿಡದು ತಂದ್ಲಂತ. ಎಂಥಾ ಮನಿಷ್ಯಾ ಇದ್ದಾನು ಅಂವ?"

"ಭಾಳ ನಾಲಾಯಕ ಅದಾನ್ರಿ, ಅಜ್ಜಿ" ಎಂದೆ. "ನನಗ ಸಣ್ಣಂದಿನಿಂದ ಗುರ್ತು."