ಸಿಟ್ಟು ಬಂದರೆ ಸ್ಟಾರ್ಟ್

ಈ ಕಥೆಯಲ್ಲಿ ತಪ್ಪಿತಸ್ಥ ಯಾರು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ: ನನ್ನ ಭಾವಮೈದುನ. ನನ್ನ ಹುಟ್ಟುಹಬ್ಬಕ್ಕೆ ಅಂಗಿಯನ್ನೋ ಪೆನ್ನನ್ನೋ ಕೊಟ್ಟು ಸುಮ್ಮನಿರುವುದು ಬಿಟ್ಟು ಒಂದು ಸ್ಪ್ಯಾನರ್ ಸೆಟ್ ಕೊಟ್ಟ. ವಿಮಾ ಕಚೇರಿಯಲ್ಲಿ ಇಡೀ ದಿನ ಕಾಗದಕ್ಕೆ ಮೊಹರು ಒತ್ತುವ ಮನುಷ್ಯನ ಕೈಗೆ ಅಂಥದ್ದು ಸಿಕ್ಕರೆ ಅವನೇನು ಮಾಡುತ್ತಾನೆ? ಮನೆಯಲ್ಲಿ ಬಿಚ್ಚಲು ಏನಿದೆ ಎಂದು ಹುಡುಕುತ್ತಾನೆ.

ಹೊರಗೆ ನಮ್ಮ ಹಳೆಯ ಕಾರು ನಿಂತಿತ್ತು. ಬ್ಯಾಟರಿಯಿಂದ ಕಾರಿನ ಮೈಗೆ ಬರುವ ದಪ್ಪ ತಂತಿ, ಅರ್ತ್ ಎನ್ನುತ್ತಾರಲ್ಲ ಅದು, ತುಕ್ಕು ಹಿಡಿದಿತ್ತು. ಇಷ್ಟಕ್ಕೆಲ್ಲ ಗ್ಯಾರೇಜು ಯಾಕೆ ಎಂದು ನಾನೇ ಹೊಸ ತಂತಿ ತಂದೆ. ತಂತಿ ಕೂರುವ ಜಾಗದ ತುಕ್ಕು ಉಜ್ಜಿ, ನೋಡುವುದಕ್ಕೆ ಲಕ್ಷಣವಾಗಿರಲಿ ಎಂದು ಚೆನ್ನಾಗಿ ಬಣ್ಣ ಬಳಿದು, ಆ ಬಣ್ಣದ ಮೇಲೆ ತಂತಿಯಿಟ್ಟು ಬೋಲ್ಟು ಬಿಗಿದೆ. (ಬಣ್ಣದ ಮೂಲಕ ಕರೆಂಟು ಹರಿಯುವುದಿಲ್ಲ ಎಂಬುದು ಲೋಕಕ್ಕೆಲ್ಲ ಗೊತ್ತಂತೆ. ನನಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ.) ಮೊಣಕೈವರೆಗೆ ಗ್ರೀಸು ಮೆತ್ತಿಕೊಂಡು ಒಳಗೆ ಬಂದು ಹೆಂಡತಿಗೆ, "ಇನ್ನು ನನ್ನ ಜೀವಮಾನದಲ್ಲಿ ಈ ಕಾರು ಕೈ ಕೊಡಲ್ಲ, ಬರೆದಿಟ್ಕೋ" ಎಂದೆ.

ಮರುದಿನವೇ ಕೀಲಿ ತಿರುಗಿಸಿದರೆ 'ಟಿಕ್' ಎಂದು ಸುಮ್ಮನಾಯಿತು.

"ಜೀವಮಾನ ಮುಗೀತೇನ್ರೀ?" ಎಂದಳು ಹೆಂಡತಿ.

"ಹೊಸ ತಂತಿ. ಹೊಂದಿಕೊಳ್ಳೋಕೆ ಸ್ವಲ್ಪ ಟೈಮ್ ಬೇಕು."

"ತಂತಿ ಏನು ಹೊಸ ಸೊಸೇನಾ, ಹೊಂದಿಕೊಳ್ಳೋಕೆ?"

ಪೂರ್ತಿ ಕೆಟ್ಟಿದ್ದರೆ ನಾನು ಮರ್ಯಾದೆಯಿಂದ ಸೋಲು ಒಪ್ಪುತ್ತಿದ್ದೆ. ಆದರೆ ಅದು ಒಂದು ದಿನ ಕರೆದ ತಕ್ಷಣ ಏಳುವುದು, ಇನ್ನೊಂದು ದಿನ ಎಷ್ಟು ಬೇಡಿಕೊಂಡರೂ ಕಣ್ಣು ಬಿಡದಿರುವುದು. ಎಡಕ್ಕೆ ಸಿಗ್ನಲ್ ಹಾಕಿದರೆ ಹೆಡ್‌ಲೈಟೂ ಮಿಣುಕುತ್ತಿತ್ತು. ಬ್ರೇಕ್ ಒತ್ತಿದರೆ ರೇಡಿಯೋದಲ್ಲಿ ವಾರ್ತೆ ಓದುವವರ ಬಾಯಿ ಕಟ್ಟುತ್ತಿತ್ತು. ನಾನು ಸಂಶೋಧನೆಗಿಳಿದೆ. ಚಳಿಯ ದೋಷವೇ, ಇಳಿಜಾರಿನ ದೋಷವೇ, ಪೆಟ್ರೋಲು ಬಂಕಿನವನ ದೋಷವೇ ಎಂದು ಒಂದೊಂದನ್ನೂ ಪರೀಕ್ಷಿಸಿದೆ. ನನ್ನ ದೋಷವೇ ಎಂಬ ಪ್ರಶ್ನೆ ಮಾತ್ರ, ಯಾಕೋ, ಹೊಳೆಯಲಿಲ್ಲ.

ಕೊನೆಗೆ ಸತ್ಯ ದರ್ಶನವಾದದ್ದು ಒಂದು ಜಗಳದ ಬೆಳಿಗ್ಗೆ. ಅತ್ತೆಯವರ ಫೋನು ಮುಗಿಯುವುದೇ ಇಲ್ಲ ಎಂದು ನಾನು ಗೊಣಗಿದೆ. ಹೆಂಡತಿ ಕಾರಿನೊಳಗೆ ಕೂತು ಎಡಗಡೆಯ ಬಾಗಿಲನ್ನು ದಡಾರನೆ ಎಳೆದುಕೊಂಡಳು. ಕಾರು ತಕ್ಷಣ ಸ್ಟಾರ್ಟ್ ಆಯಿತು. ಮರುದಿನ ನಗುನಗುತ್ತಾ ಹೊರಟೆವು, ಬಾಗಿಲು ಮೆಲ್ಲಗೆ ಮುಚ್ಚಿತು, ಟಿಕ್. ಅದರ ಮರುದಿನ ಬೇಕೆಂದೇ ಕಾಫಿ ನೀರಾಗಿದೆ ಎಂದೆ. ದಡಾರ್, ಸ್ಟಾರ್ಟ್. ಹೊಡೆತಕ್ಕೆ ತಂತಿ ಅಲುಗಿ ಎಲ್ಲೋ ಲೋಹಕ್ಕೆ ತಾಗುತ್ತಿತ್ತು ಎಂದು ಈಗ ಹೇಳಬಲ್ಲೆ. ಆಗ ನನಗೆ ತಿಳಿದದ್ದು ಇಷ್ಟೇ: ನಮ್ಮ ಕಾರು ಓಡುವುದು ನನ್ನ ಹೆಂಡತಿಯ ಸಿಟ್ಟಿನಿಂದ.

ನೀನೇ ಬಾಗಿಲು ಬಡಿಯಬಹುದಿತ್ತಲ್ಲ ಎನ್ನುತ್ತೀರಿ. ಬಡಿದೆ ಸ್ವಾಮಿ, ಭುಜ ಉಳುಕುವ ತನಕ ಬಡಿದೆ. ನನ್ನ ಬಡಿತದಲ್ಲಿ ಅಂತಃಕರಣ ಇರಲಿಲ್ಲವೆಂದು ತೋರುತ್ತದೆ. ಹೆಂಡತಿಗೇ ಹೇಳಬಹುದಿತ್ತಲ್ಲ ಎನ್ನುತ್ತೀರಿ. ಹೇಳಿದರೆ ನನ್ನ ರಿಪೇರಿ ಕೆಟ್ಟಿದೆ ಎಂದು ಒಪ್ಪಿಕೊಂಡ ಹಾಗಾಗುತ್ತಿತ್ತು. ಅದಕ್ಕಿಂತ ಜಗಳವೇ ಸುಲಭ ಅನ್ನಿಸಿತು.

ನನ್ನ ಕಚೇರಿ, ಅವಳು ಕೆಲಸ ಮಾಡುವ ಗ್ರಂಥಾಲಯ ಒಂದೇ ರಸ್ತೆಯಲ್ಲಿ ಎದುರುಬದುರು. ಹಾಗಾಗಿ ಹೋಗುವಾಗ ಒಂದು ಜಗಳ, ಬರುವಾಗ ಒಂದು ಜಗಳ, ಊಟಕ್ಕೆ ಮುಂಚಿನ ಮಾತ್ರೆಯ ಹಾಗೆ ತಪ್ಪದೆ ನಡೆಯಿತು. ಕಚೇರಿಯಲ್ಲಿ ಮೊಹರು ಒತ್ತುತ್ತಲೇ ಸಂಜೆಗೆ ವಿಷಯ ಹುಡುಕುತ್ತಿದ್ದೆ. ರಾತ್ರಿ ಮಾತ್ರ ಪಶ್ಚಾತ್ತಾಪದಿಂದ ಪಾತ್ರೆಯೆಲ್ಲ ತೊಳೆದಿಡುತ್ತಿದ್ದೆ. ಅವಳು ಅಡುಗೆಮನೆ ಬಾಗಿಲಲ್ಲಿ ನಿಂತು ನನ್ನನ್ನೇ ವಿಚಿತ್ರವಾಗಿ ನೋಡುತ್ತಿದ್ದಳು.

ಇದೇ ಹೊತ್ತಿಗೆ ಅವಳಿಗೆ ಇಂಟರ್‌ವ್ಯೂಗೆ ಕರೆ ಬಂತು. ಮುಖ್ಯ ಗ್ರಂಥಪಾಲಕಿಯ ಹುದ್ದೆ. ಮದುವೆಯಾದ ಹೊಸತರಲ್ಲೇ ಅದರ ಆಸೆಯನ್ನು ಅವಳು ನನಗೆ ಹೇಳಿದ್ದಳು. ಕನ್ನಡಿಯ ಮುಂದೆ ನಿಂತು ಉತ್ತರಗಳನ್ನು ಒಪ್ಪಿಸಿಕೊಳ್ಳುವಾಗ ನಾನು ಪಕ್ಕದ ಕೋಣೆಯಿಂದ ಕದ್ದು ಕೇಳಿ ಹಿಗ್ಗುತ್ತಿದ್ದೆ. ಅಷ್ಟು ಹೆಮ್ಮೆ ನನಗೆ. ಇಂಟರ್‌ವ್ಯೂ ಊರಾಚೆಯ ದೊಡ್ಡ ಕಚೇರಿಯಲ್ಲಿ, ಬೆಳಿಗ್ಗೆಯೇ. ಬಸ್ಸು ನಂಬಿದರೆ ತಲುಪುವುದು ಅನುಮಾನ. "ನಾನಿದ್ದೀನಿ, ಕಾರಿದೆ" ಎಂದು ಧೈರ್ಯ ಕೊಟ್ಟು ರಜೆ ಹಾಕಿದೆ.

ಆ ದಿನ ಅವಳು ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಬಂದು ಕೂತು, ಓದಿ ಮುಗಿಸಿದ ಪುಸ್ತಕ ಮುಚ್ಚುವ ಹಾಗೆ ಬಾಗಿಲು ಮುಚ್ಚಿದಳು. ಟಿಕ್.

"ಬಾಗಿಲು ಸರಿಯಾಗಿ ಬಿದ್ದಿಲ್ಲ, ತೆಗೆದು ಹಾಕು."

ತೆಗೆದಳು, ಇನ್ನೂ ಮೆಲ್ಲಗೆ ಹಾಕಿದಳು. ಟಿಕ್. ನಾನು ಕರ್ತವ್ಯಕ್ಕಿಳಿದೆ.

"ಈ ಬಣ್ಣ ನಿನಗೆ ಒಪ್ಪಲ್ಲ."

"ಹೌದಾ? ಇರಲಿ ಬಿಡಿ."

"ನಿಮ್ಮಮ್ಮ ಫೋನ್ ಹಿಡಿದ್ರೆ ಬಿಡೋದೇ ಇಲ್ಲ."

"ನಿಜ. ನಾನೂ ಅಮ್ಮಂಗೆ ಹೇಳಿದ್ದೀನಿ."

"ನಿನ್ನ ತಮ್ಮ ಶುದ್ಧ ದಡ್ಡ."

"ಪಾಪ, ಅವನಿಗೆ ನೀವಂದ್ರೆ ಪ್ರಾಣ."

ನನಗೆ ಬೆವರು ಇಳಿಯತೊಡಗಿತು. ಇಷ್ಟು ವರ್ಷದ ಸಂಸಾರದಲ್ಲಿ ಇಷ್ಟು ತಾಳ್ಮೆಯನ್ನು ಅವಳಲ್ಲಿ ಕಂಡವನಲ್ಲ. ಕಾಣಬೇಕಾದರೆ ಇವತ್ತೇ ಕಾಣಬೇಕೆ? ಉಳಿದಿದ್ದ ಬ್ರಹ್ಮಾಸ್ತ್ರವನ್ನೂ ಬಿಟ್ಟೆ. "ಆ ಹುದ್ದೆ ನಿನ್ನ ಕೈಲಾಗೋದಲ್ಲ ಬಿಡು" ಎಂದೆ. ಹೇಳಿದ ತಕ್ಷಣ ಕೀಲಿಯ ಮೇಲೆ ಕೈಯಿಟ್ಟು ಕಾದೆ.

ಅವಳು ಸಿಟ್ಟಾಗಲಿಲ್ಲ. ಮಡಿಲಲ್ಲಿದ್ದ ಫೈಲನ್ನು ನಿಧಾನವಾಗಿ ಚೀಲದೊಳಗಿಟ್ಟಳು.

"ನನಗೆ ಗೊತ್ತಿತ್ತು ರೀ. ಈ ಹುದ್ದೆ ಮಾತು ಎದ್ದಾಗಿನಿಂದ್ಲೇ ನೀವು ಹೀಗಾಗಿದ್ದೀರಿ. ನಾನು ನಿಮಗಿಂತ ದೊಡ್ಡ ಹುದ್ದೆಗೆ ಹೋಗ್ತೀನಿ ಅಂತ ನಿಮಗೆ ಒಳಗೊಳಗೇ ನೋವು. ಹಗಲು ಬೈತೀರಿ, ರಾತ್ರಿ ಪಾತ್ರೆ ತೊಳೀತೀರಿ. ನಿಮ್ಮ ಅಕ್ಕನ ಹತ್ರ ಹೇಳ್ಕೊಂಡು ಅತ್ತುಬಿಟ್ಟೆ. ಅವನು ಏನಂದ್ರೂ ಸಿಟ್ಟು ಮಾಡ್ಕೋಬೇಡ ಅಂದ್ರು. ಹೋಗಲಿ ಬಿಡಿ, ನಾನು ಇಂಟರ್‌ವ್ಯೂಗೆ ಹೋಗಲ್ಲ. ನಿಮ್ಮ ನೆಮ್ಮದಿಗಿಂತ ಅದೇನೂ ದೊಡ್ಡದಲ್ಲ."

ನಾನು ಕಾರಿನ ರೋಗ ಪತ್ತೆ ಮಾಡುತ್ತಿದ್ದಾಗ ಅವಳು ನನ್ನ ರೋಗ ಪತ್ತೆ ಮಾಡುತ್ತಿದ್ದಳು. ಔಷಧಿಯನ್ನೂ ತಾನೇ ನುಂಗಲು ಸಿದ್ಧಳಾಗಿದ್ದಳು. ಇಂಥವಳ ಮುಂದೆ ಇನ್ನು ಯಾವ ಮಾನ ಎಂದುಕೊಂಡು ಎಲ್ಲ ಹೇಳಿಬಿಟ್ಟೆ. ತಂತಿ, ಟಿಕ್, ದಡಾರ್, ಯಾವುದನ್ನೂ ಬಿಡಲಿಲ್ಲ.

ಅವಳು ನನ್ನ ಕಡೆ ಪೂರ್ತಿ ತಿರುಗಿ ಕೂತಳು.

"ಅಂದ್ರೆ ನಮ್ಮಮ್ಮನ ಬಗ್ಗೆ ಅಂದಿದ್ದು?"

"ಕಾರಿಗೋಸ್ಕರ."

"ಕಾಫಿ?"

"ಕಾರಿಗೋಸ್ಕರ. ಕಾಫಿ ಚೆನ್ನಾಗೇ ಇತ್ತು."

"ನಾನು ಬಚ್ಚಲುಮನೇಲಿ ನಲ್ಲಿ ತಿರುಗಿಸಿಟ್ಟು ಅತ್ತಿದ್ದು?"

"ಅದು ನನಗೆ ಗೊತ್ತಿರಲಿಲ್ಲ."

"ಬಾಗಿಲು ಜೋರಾಗಿ ಹಾಕು ಅಂತ ಒಂದು ಮಾತು ಹೇಳೋಕೆ ನಾಲಿಗೆ ಬಿದ್ದುಹೋಗಿತ್ತಾ ನಿಮಗೆ?"

ಹೇಳುತ್ತಲೇ ಕೆಳಗಿಳಿದು ಬಾಗಿಲು ಹಾಕಿದಳು. ಹಾಕಿದಳು ಎಂದರೆ ಏನೂ ಹೇಳಿದಂತಾಗಲಿಲ್ಲ. ಇಡೀ ಕಾರು ಪಕ್ಕಕ್ಕೆ ತೂಗಿತು, ಎದುರುಮನೆಯವರು ಕಿಟಕಿಗೆ ಬಂದರು. ನನ್ನ ಕೈ ಅಭ್ಯಾಸಬಲದಿಂದ ಕೀಲಿ ತಿರುಗಿಸಿತು. ಕಾರು ಹೊಸದಾಗಿ ತಂದ ದಿನವೂ ಹಾಗೆ ಸ್ಟಾರ್ಟ್ ಆಗಿರಲಿಲ್ಲ. ಆದರೆ ಯಾರಿಗಾಗಿ ಸ್ಟಾರ್ಟ್ ಆಗಬೇಕಿತ್ತೋ ಅವಳು ಚೀಲ ಹೆಗಲಿಗೇರಿಸಿ ಬಸ್ ನಿಲ್ದಾಣದ ಕಡೆ ಹೊರಟಿದ್ದಳು.

ಪಕ್ಕದಲ್ಲೇ ನಡಿಗೆಯ ವೇಗದಲ್ಲಿ ಕಾರು ಬಿಟ್ಟುಕೊಂಡು ಹೋದೆ. ಕ್ಷಮೆ ಕೇಳೋಣವೆಂದು ಕಿಟಕಿ ಇಳಿಸುವ ಗುಂಡಿ ಒತ್ತಿದರೆ ಹಾರ್ನ್ ಹೊಡೆದುಕೊಂಡಿತು.

"ಹಾರ್ನ್ ಬೇರೆ ಹೊಡಿತೀರಾ ನನಗೆ?"

"ನಾನಲ್ಲ, ತಂತಿ. ಹತ್ತು ಮಾರಾಯ್ತಿ, ಹೊತ್ತಾಗ್ತಿದೆ. ನಿನ್ನನ್ನ ಬಿಟ್ಟು ಆ ಕುರ್ಚೀಲಿ ಇನ್ಯಾರು ಕೂತ್ರೂ ನನಗೆ ನೋಡೋಕಾಗಲ್ಲ" ಎಂದು ಗಾಜಿನೊಳಗಿಂದಲೇ ಕಿರುಚಿದೆ.

ಅವಳು ನಿಂತಳು. ಕಣ್ಣೊರೆಸಿಕೊಂಡಳು. ನನ್ನ ಎದೆ ತುಂಬಿ ಬಂತು. ಎಂಜಿನ್ ಆರಿಸದೆ ಕೆಳಗಿಳಿದು, ಸುತ್ತಿಬಂದು, ಸೊಂಟ ಬಗ್ಗಿಸಿ ಎಡಗಡೆಯ ಬಾಗಿಲು ತೆರೆದು ಹಿಡಿದೆ. ಅವಳು ನನ್ನನ್ನೂ ಬಾಗಿಲನ್ನೂ ದಾಟಿ, ಕಾರನ್ನು ಸುತ್ತಿ ಹೋಗಿ, ನನ್ನ ಸೀಟಿನಲ್ಲಿ ಕೂತಳು.

"ಆ ಬಾಗಿಲು ಹಾಕಿ" ಎಂದಳು. ಹಾಕಿದೆ, ಹೊರಗಿನಿಂದ. ಕಾರು ಹೊರಟುಹೋಯಿತು. ನಾನು ಮನೆಯ ಚಪ್ಪಲಿಯಲ್ಲಿ, ಎದುರುಮನೆಯವರ ಕಿಟಕಿಯ ಮುಂದೆ ಹಾದು, ವಾಪಸು ನಡೆದೆ.

ಸಂಜೆಯವರೆಗೆ ಬಾಗಿಲಿಗೂ ಗೇಟಿಗೂ ತಿರುಗಿದೆ. ಎಲ್ಲಿ ಯಾವ ತಿರುವಿನಲ್ಲಿ ಕೈ ಕೊಟ್ಟಿತೋ, ಇಂಟರ್‌ವ್ಯೂ ತಪ್ಪಿತೋ ಎಂದು ಜೀವ ಹಾರುತ್ತಿತ್ತು. ಕೊನೆಗೆ ಕಾರು ಬಂತು. ಮುಖ ನೋಡಿಯೇ ತಿಳಿಯಿತು. ಕೆಲಸ ಅವಳಿಗೇ ಎಂದು ಅಲ್ಲೇ ಹೇಳಿಬಿಟ್ಟರಂತೆ. ನನಗೆ ಎಷ್ಟು ಸಂತೋಷವಾಯಿತೆಂದರೆ ಬೀದಿ ಎಂಬುದನ್ನೂ ಮರೆತು ಅವಳ ಎರಡೂ ಕೈ ಹಿಡಿದುಕೊಂಡು ನಿಂತೆ. ಆಮೇಲೆ ಅನುಮಾನ ಬಂತು.

"ಅಲ್ಲಿ ಕಾರು ನಿಲ್ಲಿಸಿ ಒಳಗೆ ಹೋಗಿದ್ಯಲ್ಲ, ಬರುವಾಗ ಹೇಗೆ ಸ್ಟಾರ್ಟ್ ಮಾಡಿದೆ? ಅಷ್ಟು ಖುಷಿಯಲ್ಲಿದ್ದೆ. ಜಗಳಕ್ಕೆ ನಾನೂ ಇರಲಿಲ್ಲ."

"ಅದೇನು ಕಷ್ಟ" ಎಂದಳು ಮುಖ್ಯ ಗ್ರಂಥಪಾಲಕಿ. "ಎಡಗಡೆ ಬಾಗಿಲು ತೆಗೆದೆ. ಒಂದ್ಸಲ ನಿಮ್ಮ ಮುಖ ನೆನಪು ಮಾಡ್ಕೊಂಡೆ. ಬಾಗಿಲು ಹಾಕಿದೆ."