ಮುಂಡರಗಿಯವರ ಪೆಟ್ಟಿಗೆ

ಮಾಶಾಕನ ಗ್ರಹಚಾರ ಕೆಟ್ಟದ್ದು ಓಣಿಯವರಿಗೆಲ್ಲ ಚಹಾ ಕುಡಿಸಿದ್ದರಿಂದ.

ಬೆಟಗೇರಿಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ಈ ಪಾಪದ ಪ್ರಾಣಿ, ಎರಡು ವರ್ಷ ಯಾರಿಗೂ ತೋರಿಸದೆ ಹಳೇ ರೇಡಿಯೋ ಪೆಟ್ಟಿಗೆಯೊಳಗೊಂದು ಆಟ ಕಟ್ಟಿದ್ದ. ಗಾಜಿನ ಹಿಂದೆ ಎಂಟು ಮೆಟ್ಟಿಲು, ಒಬ್ಬ ತಗಡಿನ ಗಿಡ್ಡ. ಮೂರು ಗುಂಡಿಗಳನ್ನು ಸರಿಯಾದ ಸರದಿಯಲ್ಲಿ ತಿರುಗಿಸಿದರೆ ಗಿಡ್ಡ ಜಿಗಿಯುತ್ತ ಮೇಲೇರುತ್ತಾನೆ. ಸರದಿ ತಪ್ಪಿದರೆ ದಬಕ್ಕನೆ ಬೀಳುತ್ತಾನೆ.

ಗದಗಿನ ಆಟಿಕೆ ಸಾಮಾನಿನ ವ್ಯಾಪಾರಿ ಚನ್ನಬಸವಣ್ಣ ಅದನ್ನು ನೋಡಿ, "ನಾಳೆ ಮಧ್ಯಾಹ್ನ ಬರತೇನಿ. ಓಣಿ ಮಂದಿ ಮೆಚ್ಚಿದ್ರ ನನ್ನ ಅಂಗಡ್ಯಾಗ ಇಟ್ಟು, ಮಾಡಿದಾವನ ಹೆಸರು ದೊಡ್ಡದಾಗಿ ಬರಸ್ತೇನಿ" ಎಂದಿದ್ದ. ರೇಶನ್ ಕಾರ್ಡು ಬಿಟ್ಟರೆ ಬೇರೆಲ್ಲೂ ತನ್ನ ಹೆಸರನ್ನು ಕಾಣದ ಮಾಶಾಕನಿಗೆ ಊಟವೇ ಸೇರಲಿಲ್ಲ.

ಬೆಳಿಗ್ಗೆ ಎಲ್ಲರಿಗೂ ಚಹಾ ಕೊಟ್ಟು ಅಭಿಪ್ರಾಯ ಕೇಳಿದ. ಚಹಾ ಕುಡಿದು ಹುಳುಕು ತೆಗೆಯುವ ಪದ್ಧತಿ ನಮ್ಮ ಕಡೆ ಇಲ್ಲ. "ಭಾರಿ ಐತಿ ಬಿಡು" ಎಂದರು ಎಲ್ಲರೂ. ಒಬ್ಬರೂ ಗಿಡ್ಡನನ್ನು ತುದಿ ಮುಟ್ಟಿಸಿರಲಿಲ್ಲ.

"ಖರೆ ಹೇಳ್ರಿ" ಎಂದು ಮಾಶಾಕ ಅಂಗಲಾಚಿದ. "ಇದನ್ನ ನಾ ಮಾಡಿಲ್ಲ. ಮುಂಡರಗಿಯವರು ಯಾರೋ ಮಾಡಿದ್ದು."

ಅಷ್ಟೇ ಸಾಕಾಯಿತು.

"ಹೌದೇನು?" ಎಂದಳು ನೇಕಾರರ ಗದಿಗೆವ್ವ. "ಬಿದ್ದಾಗೊಮ್ಮೆ ತಳದಿಂದ ಹತ್ತಬೇಕಂತ! ಮಗ್ಗ ಬಿಟ್ಟು ಇವನ್ನ ಎಬ್ಬಿಸಿಕೋತ ಕುಂಡ್ರಲೇನು? ನಡುವ ನಿಂತು ಉಸರ ಬಿಡಾಕ ಒಂದ ಕಟ್ಟಿ ಬೇಕು."

"ಗುಂಡಿ ಬಿಗಿ ಅದಾವ, ಬೆರಳು ನೋಯತಾವ" ಎಂದ ಟೇಲರ್ ಅಬ್ದುಲಗನಿ. "ಅದೂ ಇರಲಿ, ಇಷ್ಟ ಜಿಗದು ಮ್ಯಾಲ ಹೋಗಿ ಅಂವಾ ಏನ ಮಾಡ್ತಾನ? ಅಲ್ಲೊಂದ ದೀಪಾನರ ಹತ್ತಬಾರದ?"

ಮಾಶಾಕನ ಕಣ್ಣು ತುಂಬಿ ಬಂದವು. ಎರಡು ವರ್ಷ ತಲೆ ಕೆರೆದುಕೊಂಡರೂ ಹೊಳೆಯದ್ದನ್ನು ಇವರು ಒಂದು ಕಪ್ಪು ಚಹಾಕ್ಕೆ ಹೇಳಿಬಿಟ್ಟಿದ್ದರು. "ನಿಮ್ಮ ಉಪಕಾರ ಮರಿಯಾಂಗಿಲ್ರಿ" ಎಂದು ಕೈ ಮುಗಿದ. ನಡುವೆ ಕಟ್ಟೆ ಕೂಡಿಸಿದ, ಗುಂಡಿಗೆ ಎಣ್ಣೆ ಹಾಕಿದ, ಪೆಟ್ಟಿಗೆಯನ್ನು ಗದಿಗೆವ್ವನ ಕೈಗಿಟ್ಟು, ಮಧ್ಯಾಹ್ನದೊಳಗೆ ಮರಳಬೇಕೆಂದು ಸಣ್ಣ ಬಲ್ಬು ತರಲು ಗದಗಿಗೆ ಓಡಿದ. ಅಂಗಡಿಯಿಂದ ಅಂಗಡಿಗೆ ಅಲೆದು ಅವನು ಮರಳುವಷ್ಟರಲ್ಲಿ ಹೊತ್ತು ಇಳಿದಿತ್ತು. ಬಲ್ಬು ಕೂಡಿಸಿದ. ಅಬ್ದುಲಗನಿ ಗಿಡ್ಡನನ್ನು ಮೇಲೇರಿಸಿ ದೀಪ ಹತ್ತಿಸಿದಾಗ ಓಣಿಯೆಲ್ಲ ಚಪ್ಪಾಳೆ ತಟ್ಟಿತು.

ಆಗ ಚನ್ನಬಸವಣ್ಣ ಬಂದ. ಜೊತೆಗೆ ಬಿಳಿಗಡ್ಡದ ಒಬ್ಬ ಮುದುಕ.

"ಸುಳ್ಳ ಹೇಳಿದೆಲ್ಲೋ ನನಗ! ಮಧ್ಯಾಹ್ನ ಬಂದಾಗ, ಇದು ಮುಂಡರಗಿಯವರು ಮಾಡಿದ್ದಂತ ಓಣಿ ಮಂದಿ ಖರೆ ಹೇಳಿದ್ರು. ಹಂಗ ಮುಂಡರಗಿ ಬಸ್ ಹತ್ತಿದೆ. ಅಲ್ಲಿ ತಗಡಿನ ಕೆಲಸ ಅಂದ್ರ ಯಮನೂರಸಾಬ ಒಬ್ಬನ. ಕರಕೊಂಡ ಬಂದೇನಿ."

"ನಾ ಮಾಡಿದ್ದು ನೆನಪಿಲ್ಲಪಾ" ಎಂದ ಮುದುಕ ಸಂಕೋಚದಿಂದ. "ಇಷ್ಟ ಮಂದಿ ಹೇಳ್ತಾರಂದ್ರ ಮಾಡಿರಬೇಕು. ನಿಮ್ಮೆಲ್ಲರ ಉಪಕಾರ ಆತು."

"ನಾ ಮಾಡಿದ್ರಿ!" ಎಂದು ಮಾಶಾಕ ಎದೆ ಬಡಿದುಕೊಂಡ.

"ಹುಚ್ಚ ಹಿಡದೈತೇನು?" ಎಂದಳು ಗದಿಗೆವ್ವ. "ನೀ ಮಾಡಿದ್ದಿದ್ರ ನಿನ್ನ ಚಹಾ ಕುಡದು ನಾ ಹಂಗ ಬೈತಿದ್ನೇನು?"

ಎಲ್ಲರೂ ತಲೆಯಾಡಿಸಿದರು. ಇದಕ್ಕಿಂತ ದೊಡ್ಡ ಸಾಕ್ಷಿ ಇನ್ನೇನು ಬೇಕು? ಚನ್ನಬಸವಣ್ಣ ಯಮನೂರಸಾಬನ ಹೆಸರಿನ ಹಲಗೆಯನ್ನು ದಾರಿಯಲ್ಲೇ ಬರೆಸಿಕೊಂಡು ಬಂದಿದ್ದ. ಅದನ್ನು ಕಂಡು ಮುದುಕ ಕಣ್ಣೊರೆಸಿಕೊಂಡ. ಅರವತ್ತು ವರ್ಷದಲ್ಲಿ ಯಾರೂ ಅವನ ಕೆಲಸವನ್ನು ಹೀಗೆ ಹೊಗಳಿರಲಿಲ್ಲ. ಅದನ್ನು ನೋಡಿ ಮಾಶಾಕ ಎದೆ ಬಡಿದುಕೊಳ್ಳುವುದನ್ನು ಬಿಟ್ಟ.

ಮುದುಕ ಮೆಲ್ಲಗೆ ಪಕ್ಕಕ್ಕೆ ಸರಿದು ಅವನ ಕಿವಿಯಲ್ಲಿ ಕೇಳಿದ: "ತಮ್ಮಾ, ಇದನ್ನ ಆಡೋದು ಹೆಂಗ? ಒಂದೀಟ ತೋರಸು."

ಮಾಶಾಕ ಗುಂಡಿಗಳನ್ನು ತಿರುಗಿಸಿದ. ಗಿಡ್ಡ ಒಮ್ಮೆಯೂ ಬೀಳದೆ ಎಂಟೂ ಮೆಟ್ಟಿಲು ಏರಿದ, ದೀಪ ಹತ್ತಿತು.

"ನೋಡ್ರಿ, ಗುರು ಬಂದು ಹತ್ತ ಮಿನಿಟ ಆಗಿಲ್ಲ" ಎಂದು ಅಬ್ದುಲಗನಿ ಕೂಗಿದ, "ಎಷ್ಟ ಜಲ್ದಿ ಕಲತ!"